ನನ್ನ ಹೆಸರಿನ ಅಂಗಡಿ ಹಾಗೂ ಸೇನೆಗೆ ಸಲ್ಲಿಸಿದ ಅರ್ಜಿ

ಈ ಬರಹದಲ್ಲಿ ಯಾರ ಹೆಸರನ್ನೂ ನಮೂದಿಸಿಲ್ಲ. ಮರೆತು ಹಾಗೆ ಮಾಡಿದ್ದಲ್ಲ. ಹೆಸರನ್ನು ಎಲ್ಲೆಲ್ಲಿ ಬರೆಸಬಾರದು ಎಂಬುದನ್ನು ತಡವಾಗಿ ಕಲಿತ ಮನೆಯ ಮಗಳು ನಾನು; ಆದ್ದರಿಂದ ಈ ಒಂದು ಎಚ್ಚರಿಕೆಯನ್ನು ಮೊದಲಿಗೇ ವಹಿಸಿದ್ದೇನೆ. ಇದುವರೆಗೆ ನಾನು ಬರೆದಿರುವುದು ರಜೆ ಅರ್ಜಿ, ಔಷಧಿಗಳ ಬೇಡಿಕೆ ಪತ್ರ, ವಾರ್ಡಿನ ವರದಿ ಮತ್ತು ನ್ಯಾಯಾಲಯಕ್ಕೆ ಸಲ್ಲಿಸಿದ ಹೇಳಿಕೆ ಮಾತ್ರ. ಅದನ್ನು ಬಿಟ್ಟು ಬೇರೆ ರೀತಿಯಲ್ಲಿ ಬರೆಯಲು ನನಗೆ ಅಭ್ಯಾಸವಿಲ್ಲ. ಓದುವವರು ಹೊಂದಿಕೊಳ್ಳಬೇಕಾಗಿ ಕೋರುತ್ತೇನೆ.

ವಿಷಯ ಇಷ್ಟು. ನ್ಯಾಯಾಲಯವು ದಿವಾಳಿ ಎಂದು ಘೋಷಿಸಿದ ಹೆಣ್ಣುಮಗಳೊಬ್ಬಳು ಸೇನೆಯ ಶುಶ್ರೂಷಾ ಅಧಿಕಾರಿಯಾಗಬಹುದೇ, ಆಗಬಾರದೇ ಎಂಬ ಪ್ರಶ್ನೆಗೆ ನಾನು ಹಲವು ಕಡೆ ಉತ್ತರ ಹುಡುಕಬೇಕಾಯಿತು. ಆ ಹೆಣ್ಣುಮಗಳು ನಾನೇ.

ಮಧುಗಿರಿಯಲ್ಲಿ ನಮ್ಮ ತಂದೆಯವರು ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಅದಕ್ಕೂ ಮೊದಲು ಅವರು ಬೇರೊಬ್ಬರ ಬಳಿ ಚಪ್ಪರದ ಕಂಬ ನೆಡುವ ಕೆಲಸದಲ್ಲಿದ್ದರು. ನಾನು ಹುಟ್ಟಿದ ವಾರದಲ್ಲಿಯೇ ಅವರಿಗೆ ಸ್ವಂತಕ್ಕೆ ಒಂದು ಜೊತೆ ಕೊಪ್ಪರಿಗೆ, ಅಂದರೆ ಇಡೀ ಊರಿಗೆ ಅನ್ನ ಬೇಯಿಸುವಂಥ ದೊಡ್ಡ ಪಾತ್ರೆಗಳು, ಅಗ್ಗದಲ್ಲಿ ಸಿಕ್ಕವಂತೆ. ಮಗಳ ಕಾಲ್ಗುಣ ಎಂದು ತೀರ್ಮಾನವಾಯಿತು. ಅಂಗಡಿ ತೆರೆದಾಗ ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿದರು. ಮದುವೆ ಮನೆಗಳಲ್ಲಿ ಪಾತ್ರೆಗಳು ಅದಲುಬದಲಾಗಬಾರದೆಂದು ಪ್ರತಿಯೊಂದರ ಕಂಠದ ಮೇಲೂ ಅಂಗಡಿಯ ಹೆಸರು ಕೊರೆಸುವುದು ಈ ವ್ಯಾಪಾರದ ಪದ್ಧತಿ. ಹೀಗಾಗಿ ಕೊರಟಗೆರೆಯ ಗೃಹಪ್ರವೇಶದ ಸಾರು, ಶಿರಾದ ನಿಕಾಹಿನ ಬಿರಿಯಾನಿ, ಪಾವಗಡದ ಕಡೆಯ ತಿಥಿಯೂಟದ ಮುದ್ದೆ ಎಲ್ಲವೂ ನನ್ನ ಹೆಸರಿದ್ದ ಪಾತ್ರೆಗಳಲ್ಲಿಯೇ ಬೇಯುತ್ತಿದ್ದವು. ಶಾಲೆಯಲ್ಲಿ ಹೊಸಬರು ಯಾರಾದರೂ ನನ್ನ ಹೆಸರು ಕೇಳಿದರೆ, "ನಿಮ್ಮೂರ ಸೌಟು ತಿರುಗಿಸಿ ನೋಡು, ಗೊತ್ತಾಗ್ತದೆ" ಎಂದು ಪಕ್ಕದವರೇ ಉತ್ತರ ಕೊಡುತ್ತಿದ್ದರು.

ಇದಕ್ಕೆ ಜೊತೆಯಾಗಿ ಒಂದು ಕ್ರಮವೂ ನಡೆದುಕೊಂಡು ಬಂದಿತ್ತು. ಶುಕ್ರವಾರದ ಬೋಣಿ, ಅಂದರೆ ಆ ದಿನದ ಮೊದಲ ವ್ಯಾಪಾರ, ನನ್ನ ಬಾಯಿಂದಲೇ ಶುರುವಾಗಬೇಕಿತ್ತು. ನಾನು ಶಟರನ್ನು ಮುಟ್ಟಿ "ತೆಗೀರಿ" ಎನ್ನುವವರೆಗೆ ತಂದೆಯವರು ಅದನ್ನು ಎತ್ತುತ್ತಿರಲಿಲ್ಲ. ನಾನು ತುಮಕೂರಿನಲ್ಲಿ ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ ಆ ಕೆಲಸ ಫೋನಿನಲ್ಲಿ ನಡೆಯತೊಡಗಿತು. ತಂದೆಯವರು ಫೋನನ್ನು ಶಟರಿನ ಹತ್ತಿರ ಹಿಡಿಯುತ್ತಿದ್ದರು. ನಾನು ಹಲ್ಲುಜ್ಜುತ್ತಲೇ "ತೆಗೀರಿ" ಅನ್ನುತ್ತಿದ್ದೆ. ಶಟರ್ ಮೇಲೇಳುವ ಸದ್ದು ನನಗೆ ಕೇಳಿಸುತ್ತಿತ್ತು.

"ನಿಮ್ಮಪ್ಪನ ಶಟರಿಗೆ ರಿಮೋಟು ನೀನೇನಾ?" ಎಂದು ಕೋಣೆಯ ಗೆಳತಿ ಕೇಳುತ್ತಿದ್ದಳು. "ಸೆಲ್ ಹಾಕ್ಕೋ ಮಾರಾಯ್ತಿ, ಇನ್ನೂ ಜೋರಾಗಿ ಹೇಳು."

ಅದೇ ವರ್ಷದ ರಜೆಯಲ್ಲಿ ತಂದೆಯವರು ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಅದುವರೆಗೆ ಅಂಗಡಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ಈಗ ನೋಂದಣಿಯೂ ಆಗಬೇಕಿತ್ತು. ಕುರ್ಚಿ, ಜನರೇಟರ್, ಹೊಸ ಬಗೆಯ ಚಪ್ಪರಕ್ಕಾಗಿ ಸಾಲವೂ ಬೇಕಾಗಿತ್ತು. "ಬೋರ್ಡ್ ಮ್ಯಾಲೆ ಇರೋ ಹೆಸ್ರೇ ಕಾಗದದ ಮ್ಯಾಲೂ ಇರ್ಲಿ ಕಣಮ್ಮ. ಎರಡು ಹೆಸ್ರು ಆದ್ರೆ ಲಕ್ಷ್ಮಿಗೆ ದಾರಿ ತಪ್ತದೆ" ಎಂದರು. ನಾನು ಆ ಕಾಗದಗಳನ್ನು ಓದಿದೆ. ಮಾಲೀಕರು ಎಂಬ ಕಡೆ ನನ್ನ ಹೆಸರಿತ್ತು. ಸಾಲ ಪಡೆಯುವವರು ಎಂಬ ಕಡೆಯೂ ನನ್ನ ಹೆಸರೇ ಇತ್ತು. ಮನಸ್ಸಿಗೆ ಖುಷಿಯಾಯಿತು. ಸಹಿ ಮಾಡಿದೆ. ಇಲ್ಲಿ ಯಾರೂ ಯಾರನ್ನೂ ಮೋಸಗೊಳಿಸಲಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಈ ಸಂಗತಿಯೇ ಮುಂದೆ ಮುಖ್ಯವಾಗುತ್ತದೆ.

ಅಂಗಡಿ ಹೇಗೆ ಮುಳುಗಿತು ಎಂಬುದನ್ನು ವಿಸ್ತರಿಸುವ ಅಗತ್ಯವಿಲ್ಲ. ಲಾಕ್‌ಡೌನ್ ಬಂತು, ಮದುವೆಗಳು ಮನೆಯ ಪಡಸಾಲೆಗಳಿಗೆ ಇಳಿದವು. ಮುಗಿದ ಮೇಲೆ ನೋಡಿದರೆ ಊರೂರಿನ ಕಲ್ಯಾಣ ಮಂಟಪಗಳು ತಮ್ಮದೇ ಪಾತ್ರೆ, ಕುರ್ಚಿಗಳನ್ನು ಇಟ್ಟುಕೊಂಡಿದ್ದವು. ನಮ್ಮ ಹೊಸ ಚಪ್ಪರ ಗೋದಾಮಿನಲ್ಲಿಯೇ ಇಲಿಗಳ ಪಾಲಾಯಿತು. ಬ್ಯಾಂಕಿನವರೂ ಕುರ್ಚಿ ಸರಬರಾಜು ಮಾಡಿದವರೂ ನ್ಯಾಯಾಲಯಕ್ಕೆ ಹೋದರು. ತೀರ್ಪು ನನ್ನ ವಿರುದ್ಧ ಬಂತು. ಆ ಹೊತ್ತಿಗೆ ನಾನು ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದೆ. ಸಂಬಳದ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳಬೇಕೆಂಬ ಆದೇಶ ಆಸ್ಪತ್ರೆಗೇ ಬಂದಿತು.

ಸೇನೆಗೆ ಸೇರಬೇಕೆಂಬ ಇಚ್ಛೆ ನನಗೆ ಅದಕ್ಕಿಂತ ಹಳೆಯದು. ನಮಗೆ ಪಾಠ ಮಾಡಿದವರಲ್ಲಿ ಒಬ್ಬರು ಸೇನೆಯ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ದಾದಿ. ಅವರು ವಾರ್ಡಿಗೆ ಬಂದರೆ ವೈದ್ಯರು ಕುರ್ಚಿಯಿಂದ ಎದ್ದು ಮಾತನಾಡುತ್ತಿದ್ದರು. ಉಳಿದ ದಾದಿಯರಿಗೆ ಆ ಮರ್ಯಾದೆ ಸಿಗುತ್ತಿರಲಿಲ್ಲ. ನಾನು ಆ ಕುರ್ಚಿಗಳ ಸದ್ದನ್ನು ನೆನಪಿಟ್ಟುಕೊಂಡೆ. ಸೇನಾ ಶುಶ್ರೂಷಾ ಸೇವೆಯ ಪ್ರಕಟಣೆ ಬಂದಾಗಲೆಲ್ಲ ಓದುತ್ತಿದ್ದೆ. ವಯಸ್ಸು, ಪದವಿ, ನೋಂದಣಿ, ದೇಹದಾರ್ಢ್ಯ ಎಲ್ಲವೂ ಸರಿಹೊಂದುತ್ತಿದ್ದವು. ಸಾಲದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಇಲ್ಲದ ಮಾತಿನ ಅರ್ಥವೇನು ಎಂಬುದೇ ನನ್ನ ಚಿಂತೆಯಾಗಿತ್ತು.

ತಂದೆಯವರೂ ನಾನೂ ಮಧುಗಿರಿಯ ವಕೀಲರೊಬ್ಬರನ್ನು ಕಂಡೆವು. ಅವರ ಮದುವೆಗೆ ಚಪ್ಪರ ಹಾಕಿದ್ದವರು ನಮ್ಮ ತಂದೆಯವರೇ ಆದ್ದರಿಂದ ಮಾತು ನೇರವಾಗಿತ್ತು.

"ಯಜಮಾನ್ರೇ, ಆಸ್ತಿ ಏನಿದೆ?" ಎಂದು ಅವರು ಕೇಳಿದರು.

"ಪಾತ್ರೆ ಐತೆ, ಕಂಬ ಐತೆ, ಇಲಿ ಕಡಿದಿರೋ ಬಟ್ಟೆ ಐತೆ."

"ಇಲಿಗಳನ್ನ ಬ್ಯಾಂಕಿನವರು ತಗೊಳಲ್ಲ. ಉಳಿದದ್ದು ಸಾಲಕ್ಕೆ ಸಾಲದು." ಅವರು ನನ್ನ ಕಡೆ ತಿರುಗಿದರು. "ನೋಡಮ್ಮಾ, ಒಂದು ದಾರಿ ಅಂದ್ರೆ ದಿವಾಳಿ ಅರ್ಜಿ. ನಿನ್ನ ಹೆಸರಲ್ಲಿರೋದನ್ನೆಲ್ಲ ಕೋರ್ಟಿಗೆ ಒಪ್ಪಿಸ್ತೀಯ. ಕೋರ್ಟು ನೇಮಿಸಿದ ರಿಸೀವರ್ ಅದನ್ನ ಮಾರಿ ಹಂಚ್ತಾರೆ. ಆಮೇಲೆ ಬಿಡುಗಡೆ ಕೇಳ್ಬಹುದು. ಅಲ್ಲಿವರೆಗೆ ಕಾಗದದ ಮೇಲೆ ನೀನು ದಿವಾಳಿ."

"ಸೇನೆಗೆ ಸೇರೋಕೆ ಅದು ಅಡ್ಡಿ ಆಗುತ್ತಾ ಸರ್?"

"ಚುನಾವಣೆಗೆ ನಿಲ್ಲೋದಾದ್ರೆ ಅಡ್ಡಿ ಆಗುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ. ಸೇನೆದು ನಂಗೆ ಗೊತ್ತಿಲ್ಲ. ಇಲ್ಲಿವರೆಗೂ ಯಾರೂ ಕೇಳಿಲ್ಲ." ಅವರು ಮುಂದುವರಿಸಿದರು. "ಇನ್ನೊಂದು ದಾರಿ ಇದೆ. ಅಪ್ಪ ನನಗೆ ತಿಳಿಸದೆ ಸಹಿ ಹಾಕಿಸ್ಕೊಂಡರು, ನಾನು ಓದ್ತಾ ಇದ್ದ ಹುಡುಗಿ ಅಂತ ನೀನು ಹೇಳಬಹುದು. ನಡೆದರೆ ನಿನ್ನ ಹೆಸರು ಶುದ್ಧ ಆಗುತ್ತೆ. ಇವರ ಮೇಲೆ ಮೋಸದ ಕೇಸು ಬೀಳ್ಬಹುದು."

ನಾನು ಬಾಯಿ ತೆರೆಯುವ ಮೊದಲೇ ತಂದೆಯವರು, "ಅದೇ ಆಗ್ಲಿ ಬುಡಿ ಸ್ವಾಮಿ. ಕೇಸು ನನ್ ಮ್ಯಾಲೆ ಬಿದ್ರೆ ನಂಗೇನು, ನಾನೇನು ಮಿಲಿಟ್ರಿಗೆ ಹೋಗ್ಬೇಕಾ?" ಎಂದರು.

"ನಾನು ಓದಿ ಸಹಿ ಮಾಡಿದ್ದೀನಿ" ಎಂದೆ.

"ಅದು ನಿಂಗೆ ಮಾತ್ರ ಗೊತ್ತು ಕಣಮ್ಮ."

"ನನಗೆ ಗೊತ್ತಿದೆಯಲ್ಲ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಆ ದಿನ ಯಾವುದೂ ನಿಶ್ಚಯವಾಗಲಿಲ್ಲ.

ಸೇನೆಯ ವಿಚಾರವನ್ನು ಸೇನೆಯಲ್ಲಿದ್ದವರನ್ನೇ ಕೇಳುವುದು ಸೂಕ್ತವೆಂದು, ಮುಂದಿನ ಭಾನುವಾರ ನಾವಿಬ್ಬರೂ ವೈ.ಎನ್.ಹೊಸಕೋಟೆಗೆ ಹೋದೆವು. ಅಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದರು. ಅವರು ನಿವೃತ್ತರಾಗಿ ಬಂದಾಗ ಊರಿಗೆಲ್ಲ ಹಾಕಿಸಿದ ಊಟಕ್ಕೆ ನಮ್ಮದೇ ಪಾತ್ರೆಗಳು ಹೋಗಿದ್ದವು. ನಾವು ಹೋದಾಗ ಅವರು ಅಂಗಳದಲ್ಲಿ ಕಡಲೆಕಾಯಿ ಹರವಿ, ಕೋಳಿಗಳನ್ನು ಓಡಿಸುತ್ತ ಕುಳಿತಿದ್ದರು. ಆ ಕಡೆಯವರಂತೆ ಅವರ ಮಾತಿನಲ್ಲಿ ತೆಲುಗು ಬೆರೆತಿತ್ತು; ಸೇನೆಗೆ ಪಟಾಳಂ ಎನ್ನುತ್ತಿದ್ದರು.

"ರಾಮ್ಮಾ, ರಾ. ಕೂತ್ಕೋ. ಏಮಯ್ಯಾ, ಮಗಳನ್ನ ಪಟಾಳಂಗೆ ಕಳಿಸ್ತೀಯಂತೆ? ಧೈರ್ಯ ಐತಾ?"

"ಅವಳಿಗೈತೆ. ನಂಗಿಲ್ಲ" ಎಂದರು ತಂದೆಯವರು.

ನಾನು ವಿಷಯವನ್ನು ಮೊದಲಿಂದ ಕೊನೆಯವರೆಗೆ ಕ್ರಮವಾಗಿ ತಿಳಿಸಿದೆ. ಅವರು ಕೇಳಿಸಿಕೊಂಡರು, ನಡುವೆ ಒಂದು ಕೋಳಿಗೆ ಕಲ್ಲು ಎಸೆದರು.

"ಚೂಡು ಪಾಪಾ. ಅಪ್ಪು ಇರೋದು" ಎಂದು ಸಾಲವನ್ನು ತೆಲುಗಿನಲ್ಲಿಯೇ ಹೇಳಿದರು, "ಅಪ್ಪು ಇರೋದು ಪಟಾಳಂನಾಗೆ ಹೊಸದೇನಲ್ಲ. ಅರ್ಧ ಜನ ಮನೆ ಕಟ್ಟೋಕೇ ಅಪ್ಪು ಮಾಡಿರ್ತಾರೆ. ಆದ್ರೆ ಆಫೀಸರ್‌ ಆದೋರು ದುಡ್ಡಿನ ವಿಷಯದಾಗೆ ಸಿಕ್ಕಾಕ್ಕೊಂಡ್ರೆ ಮೇಲಿನೋರಿಗೆ ಹೇಳ್ಬೇಕು. ಕೋರ್ಟು ದಿವಾಳಿ ಅಂದ್ರೆ ಇನ್ನೂ ಮೊದಲೇ ಹೇಳ್ಬೇಕು. ಸಾಲಗಾರರಿಗೆ ಯಾರು ಬೇಕಾದ್ರೂ ಆಸೆ ತೋರಿಸ್ಬೋದು ಅಂತ ಅವರಿಗೆ ಭಯ."

"ಸೇರೋ ಮೊದಲೇ ದಿವಾಳಿ ಆಗಿದ್ರೆ ತಗೋತಾರಾ?"

"ಅದು ನಂಗೆ ತೆಲೀದು. ನಾನು ಸುಬೇದಾರ್, ಜಡ್ಜ್ ಅಲ್ಲ. ಒಂದು ಮಾತ್ರ ಕಂಡಿದೀನಿ. ನಮ್ಮ ಹುಡುಗ ಒಬ್ಬ ಫಾರಂನಾಗೆ ಊರಿನ ಜಗಳದ ಕೇಸು ಬರೀಲಿಲ್ಲ. ಚಿಕ್ಕ ಕೇಸು. ಬರೆದಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಬರೀದಿದ್ದಕ್ಕೆ ಮನೆಗೆ ಕಳಿಸಿದ್ರು."

ತಂದೆಯವರು ಹಿಂತಿರುಗುವಾಗ ಬಸ್ಸಿನಲ್ಲಿ, ಪಾವಗಡ ದಾಟಿದ ಮೇಲೆ, "ಅವ್ನೇ ಗೊತ್ತಿಲ್ಲ ಅಂದ. ಇನ್ಯಾರನ್ನ ಕೇಳಾನ?" ಎಂದರು. ನಾನು ಸೇನೆಯ ನೇಮಕಾತಿ ವಿಚಾರಣೆಯ ಫೋನಿಗೂ ಕರೆ ಮಾಡಿದೆ. ಆ ಕಡೆಯ ದನಿ ಸೌಜನ್ಯದಿಂದಲೇ, "ಇದ್ದದ್ದನ್ನು ಬರೆಯಿರಿ. ನಿರ್ಧಾರ ಸಕ್ಷಮ ಪ್ರಾಧಿಕಾರದ್ದು" ಎಂದಿತು. ಎಲ್ಲರ ಉತ್ತರದ ಸಾರ ಒಂದೇ ಆಗಿತ್ತು: ದಾರಿ ಮುಚ್ಚಿದೆ ಎಂದು ಯಾರೂ ಹೇಳಲಿಲ್ಲ, ತೆರೆದಿದೆ ಎಂದೂ ಹೇಳಲಿಲ್ಲ.

ನಾನು ದಿವಾಳಿ ಅರ್ಜಿ ಸಲ್ಲಿಸಿದೆ.

ರಿಸೀವರಿಗೆ ಒಪ್ಪಿಸಲು ಸಾಮಾನುಗಳ ವಿವರ ಬರೆಯುವಾಗ ಅಮ್ಮನೊಂದಿಗೆ ಒಂದು ತಕರಾರಾಯಿತು. ಮೊದಲ ಜೊತೆಯ ಕೊಪ್ಪರಿಗೆಗಳಲ್ಲಿ ಒಂದನ್ನು ಅಮ್ಮ ಹಿತ್ತಲ ಬಚ್ಚಲಿನಲ್ಲಿ ಬೋರಲು ಹಾಕಿ, ಮೇಲೆ ಸೌದೆ ಒಟ್ಟಿದ್ದರು.

"ಅದನ್ನ ಬರೀಬೇಡ ಕಣೇ. ನಿನ್ನ ನಾಮಕರಣದ ಪಾಯ್ಸ ಅದ್ರಾಗೇ ಮಾಡಿದ್ದು."

"ಅದ್ರ ಮೇಲೂ ನನ್ನ ಹೆಸರೇ ಇದೆಯಲ್ಲಮ್ಮ."

"ಹೆಸ್ರನ್ನ ಬೇಕಾದ್ರೆ ಉಜ್ಜಿ ಹಾಕ್ತೀನಿ. ಹುಣಸೇಹಣ್ಣು ಐತೆ."

"ಕೊರೆಸಿರೋದು ಹುಣಸೇಹಣ್ಣಿಗೆ ಹೋಗಲ್ಲಮ್ಮ."

ಅಮ್ಮ ಸೌದೆಗಳನ್ನು ಒಂದೊಂದಾಗಿ ತೆಗೆದರು. ಕೊಪ್ಪರಿಗೆಯನ್ನು ನಾವಿಬ್ಬರೂ ಹಿಡಿದು ಹೊರಗೆ ತಂದೆವು. ವಿವರದಲ್ಲಿ ಅದು ಸೇರಿತು. ಆ ದಿನ ಅಮ್ಮ ನನ್ನೊಂದಿಗೆ ಮಾತನಾಡಲಿಲ್ಲ. ಊಟ ಮಾತ್ರ ಬಡಿಸಿದರು, ಎಂದಿಗಿಂತ ಹೆಚ್ಚೇ ಬಡಿಸಿದರು.

ನ್ಯಾಯಾಲಯದಲ್ಲಿ ಪ್ರಕರಣ ಬಂದಾಗ ಕಕ್ಷಿದಾರರ ಹೆಸರನ್ನು ಬಾಗಿಲಲ್ಲಿ ನಿಂತು ಕೂಗುತ್ತಾರೆ. ತಂದೆಯವರು ಹೆದರಿದ್ದುದು ಇದಕ್ಕೆ ಮಾತ್ರ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಲಕ್ಷ್ಮಿಯ ಹೆಸರೆಂದು ಬಳಸಿದ ಹೆಸರು ಹೊರಾಂಗಣದಲ್ಲಿ ಗಟ್ಟಿಯಾಗಿ ಕೇಳಿಬಂತು. ಅಲ್ಲಿ ಕುಳಿತಿದ್ದ ಒಬ್ಬ ಮುದುಕರು, "ಓ, ಪಾತ್ರೆ ಅಂಗಡೀದು" ಎಂದು ಪಕ್ಕದವರಿಗೆ ಹೇಳಿದರು. ತಂದೆಯವರು ಒಳಗೆ ಬರಲಿಲ್ಲ. ಆಚೆ ಬೇವಿನ ಮರದ ಕೆಳಗೆ ನಿಂತು, ನಾನು ಹೊರಬರುವವರೆಗೆ ಚಪ್ಪಲಿಯಲ್ಲಿ ಮಣ್ಣು ಕೆದಕುತ್ತಿದ್ದರು. ಕೆಲವು ತಿಂಗಳ ವಿಚಾರಣೆಯ ನಂತರ ನನ್ನನ್ನು ದಿವಾಳಿ ಎಂದು ಘೋಷಿಸಿದ ಆದೇಶ ಬಂದಿತು.

ರಿಸೀವರ್ ನಡೆಸಿದ ಹರಾಜಿನಲ್ಲಿ ಪಾತ್ರೆಗಳಲ್ಲಿ ಬಹುಪಾಲನ್ನು ಶಿರಾದ ಒಬ್ಬ ಬಿರಿಯಾನಿ ಬಾಣಸಿಗರು ಕೊಂಡರು. ಅವರು ನಮ್ಮ ಹಳೆಯ ಗಿರಾಕಿ. ಕೊಪ್ಪರಿಗೆಗಳನ್ನು ಬೆರಳಿನಿಂದ ತಟ್ಟಿ ನೋಡುತ್ತ, "ಅಣ್ಣಾ, ಹೆಸರು ಅಳಿಸಲ್ಲ ನಾನು. ಈ ಹೆಸರು ನೋಡಿದ್ರೆ ಜನ ಪಾತ್ರೆ ಸಾಫ್ ಇದೆ ಅಂತ ನಂಬ್ತಾರೆ" ಎಂದರು. ತಂದೆಯವರು, "ನಂಬ್ಲಿ ಬುಡಿ ಸಾಯಿಬ್ರೇ, ನಿಮ್ಮುನ್ನಾದ್ರೂ ನಂಬ್ಲಿ" ಎಂದು ಲಾರಿಗೆ ಪಾತ್ರೆ ಏರಿಸಲು ತಾವೇ ಕೈ ಕೊಟ್ಟರು. ಬೋರ್ಡನ್ನು ಯಾರೂ ಕೊಳ್ಳಲಿಲ್ಲ.

ದಿವಾಳಿಯ ಸ್ಥಿತಿಯಲ್ಲಿದ್ದುಕೊಂಡೇ ನಾನು ಸೇನೆಯ ಪರೀಕ್ಷೆ ಬರೆದೆ. ಅದರಲ್ಲಿ ಆಯ್ಕೆಯಾದೆ. ಸಂದರ್ಶನಕ್ಕೆ ಬರುವಾಗ ಪೂರ್ಣಗೊಳಿಸಿ ತರಬೇಕಾದ ವಿವರಗಳು ಬಂದವು. ನ್ಯಾಯಾಲಯದಲ್ಲಿ ಪ್ರಕರಣಗಳಿವೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಆದರೆ ಅದರ ಜೊತೆಯಲ್ಲಿದ್ದ ಮಾತುಗಳೆಲ್ಲ ಬಂಧನ, ಅಪರಾಧ, ಶಿಕ್ಷೆ ಇವುಗಳಿಗೆ ಸೇರಿದವು. ಓದಿದವರು ತಮಗೆ ಬೇಕಾದ ಅರ್ಥ ಮಾಡಿಕೊಳ್ಳಬಹುದಿತ್ತು.

ಮಧುಗಿರಿಯ ಮನೆಯಲ್ಲಿ ಊಟದ ನಂತರ ಅದನ್ನು ತಂದೆಯವರಿಗೆ ಓದಿ ಹೇಳಿದೆ.

"ಕೇಳಿರೋದು ಕಳ್ತನ, ಹೊಡೆದಾಟ. ನೀನೇನು ಹೊಡೆದಾಡಿದ್ದೀಯಾ? ಇಲ್ಲ ಅಂತ ಬರಿ."

"ಪ್ರಕರಣ ಅಂತಲೂ ಇದೆ ಅಪ್ಪಾ."

"ನಮ್ಮದು ಪಾತ್ರೆ ಕೇಸು. ಅದನ್ನ ಮಿಲಿಟ್ರಿಯೋರು ಏನ್ ಮಾಡ್ತಾರೆ? ನೀನಾಗೇ ಹೋಗಿ ನಾನು ದಿವಾಳಿ, ನಾನು ದಿವಾಳಿ ಅಂತ ಸಾರ್ಕೊಂಡು ಬತ್ತೀಯಾ? ಕೋರ್ಟ್‌ನಾಗೆ ಕೂಗಿದ್ದು ಸಾಲ್ದಾ?" ಅವರ ದನಿ ಏರಿತು. "ನನ್ ಹೆಸ್ರು ಬರಿ ಅಂದ್ರೆ ಬರ್ಯಲ್ಲ. ಸುಮ್ಕಿರು ಅಂದ್ರೆ ಸುಮ್ಕಿರಲ್ಲ. ಹಟ ಯಾರಿಂದ ಕಲ್ತೆ?"

"ಮನೇಲಿ ಇನ್ನೊಬ್ರು ಇದ್ದಾರಲ್ಲ, ಶುಕ್ರವಾರ ನಾನು ಹೇಳೋವರೆಗೂ ಶಟರ್ ಎತ್ತದೋರು."

ಅಮ್ಮ ನಕ್ಕರು. ತಂದೆಯವರು ನಗಲಿಲ್ಲ. ನಾನು ಬೇರೆ ಹಾಳೆಯೊಂದನ್ನು ಸೇರಿಸಿ, ಅಂಗಡಿಯ ವಿವರ, ಸಾಲ, ತೀರ್ಪು, ದಿವಾಳಿ ಆದೇಶ, ಬಿಡುಗಡೆಗೆ ಇನ್ನೂ ಅರ್ಜಿ ಸಲ್ಲಿಸಬೇಕಾಗಿರುವುದು, ಇಷ್ಟನ್ನೂ ಬರೆದು ಸಹಿ ಮಾಡಿದೆ. ಆ ಒಂದು ಹಾಳೆಯಿಂದಲೇ ನನ್ನ ಅರ್ಜಿ ಮುಗಿದುಹೋಗಬಹುದಿತ್ತು.

ಸಂದರ್ಶನದಲ್ಲಿ ಮೂವರು ಅಧಿಕಾರಿಗಳಿದ್ದರು. ನಡುವೆ ಕುಳಿತಿದ್ದ ಹಿರಿಯ ಮಹಿಳಾ ಅಧಿಕಾರಿಯವರು ಶುಶ್ರೂಷೆಯ ಪ್ರಶ್ನೆಗಳನ್ನು ಮುಗಿಸಿ, ಆ ಹಾಳೆಯನ್ನು ಮುಂದೆ ಎಳೆದುಕೊಂಡರು. ಮಾತು ಇಂಗ್ಲಿಷಿನಲ್ಲಿ ನಡೆಯಿತು. ನೆನಪಿರುವಷ್ಟನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯನ್ನು ನಡೆಸುತ್ತಿದ್ದವರು ಯಾರು ಎಂದು ಅವರು ಕೇಳಿದರು. ತಂದೆ ಎಂದೆ. ಹಾಗಾದರೆ ನಿಮ್ಮ ಪಾತ್ರವೇನು ಎಂದರು. ಶುಕ್ರವಾರ ಫೋನಿನಲ್ಲಿ ಬಾಗಿಲು ತೆಗೆಸುವುದು ಎಂದೆ. ಪಕ್ಕದ ಅಧಿಕಾರಿ ಕೆಮ್ಮಿದರು. ನಾನು ಬೋಣಿಯ ಪದ್ಧತಿಯನ್ನು ವಿವರಿಸಬೇಕಾಯಿತು. ಕಾಲ್ಗುಣಕ್ಕೆ ಇಂಗ್ಲಿಷಿನ ಮಾತು ಸಿಗದೆ ತಡವರಿಸಿದೆ.

"ಅಂದರೆ ವ್ಯಾಪಾರ ತಂದೆಯದು, ಸಹಿ ನಿಮ್ಮದು" ಎಂದರು ಅವರು. "ತಂದೆ ನಿಮ್ಮ ಸಹಿಯನ್ನು ಬಳಸಿಕೊಂಡರು ಎನ್ನಬಹುದೇ?"

ಹೌದು ಎನ್ನುವುದು ಸುಲಭವಿತ್ತು. ಅವರ ಧ್ವನಿಯಲ್ಲಿ ನನ್ನ ಮೇಲೆ ಕನಿಕರವೂ ಇತ್ತು. ಆ ಒಂದು ಮಾತಿಗೆ ನಾನು ಪಾಪದ ಹುಡುಗಿಯಾಗಿ ಹೊರಬರಬಹುದಿತ್ತು. ಮಧುಗಿರಿಯ ಬೇವಿನ ಮರದ ಕೆಳಗೆ ಮಣ್ಣು ಕೆದಕುತ್ತಿದ್ದ ಚಪ್ಪಲಿ ನನಗೆ ಕಾಣಿಸಿತು.

"ಇಲ್ಲ ಮೇಡಂ. ನಾನು ಓದಿ ಸಹಿ ಮಾಡಿದ್ದೇನೆ."

"ವಾರ್ಡಿನಲ್ಲಿ ಬೇರೊಬ್ಬರು ಕೊಟ್ಟ ಔಷಧಿಗೆ ನೀವು ಸಹಿ ಮಾಡುತ್ತೀರಾ?"

"ಮಾಡುವುದಿಲ್ಲ ಮೇಡಂ."

"ಅಂಗಡಿಗೆ ಮಾಡಿದಿರಿ."

"ಹೌದು ಮೇಡಂ. ಆದ್ದರಿಂದಲೇ ಅದರ ಜವಾಬ್ದಾರಿ ನನ್ನದೆಂದು ನ್ಯಾಯಾಲಯದಲ್ಲಿ ಹೇಳಿದೆ. ಇಲ್ಲಿಯೂ ಅದನ್ನೇ ಹೇಳುತ್ತಿದ್ದೇನೆ."

ಅವರು ಏನೋ ಬರೆದುಕೊಂಡರು. ಮೆಚ್ಚಿದರೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ನೀವು ಹೋಗಬಹುದು ಎಂದರು. ನಾನು ಬಾಗಿಲಲ್ಲಿ ತಳ್ಳುವ ಬದಲು ಎಳೆದೆ. ಒಳಗೆ ಮತ್ತೊಮ್ಮೆ ಕೆಮ್ಮು ಕೇಳಿಸಿತು.

ಇದಾದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಊರಿನಲ್ಲಿ ಪೊಲೀಸ್ ವಿಚಾರಣೆಯೂ ನಡೆಯಿತು. ವಿಚಾರಣೆಗೆ ಬಂದ ಪೇದೆ ನಮ್ಮ ಪಡಸಾಲೆಯಲ್ಲಿ ಕುಳಿತು, ಅಕ್ಕಪಕ್ಕದವರನ್ನು ಕೇಳುವುದಕ್ಕೆ ಮೊದಲು, "ನಮ್ಮ ಅಕ್ಕನ ಮದುವೆಗೆ ನಿಮ್ಮದೇ ಚಪ್ಪರ ಕಣಣ್ಣ. ಮಳೆ ಬಂದ್ರೂ ಒಂದು ಹನಿ ಸೋರ್ಲಿಲ್ಲ" ಎಂದು ತಂದೆಯವರಿಗೆ ಹೇಳಿದರಂತೆ. ತಂದೆಯವರು ಆ ಮಾತನ್ನು ನನಗೆ ಫೋನಿನಲ್ಲಿ ಎರಡು ಸಲ ಹೇಳಿದರು.

ನಂತರ ಬಂದ ಪತ್ರದಲ್ಲಿ ನೇಮಕವೂ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ನನ್ನ ಪ್ರಕರಣ ಪರಿಶೀಲನೆಯಲ್ಲಿದೆ, ದಿವಾಳಿಯಿಂದ ಬಿಡುಗಡೆಯಾದ ಆದೇಶದ ಪ್ರತಿಯನ್ನು ಸಲ್ಲಿಸತಕ್ಕದ್ದು ಎಂದಿತ್ತು. ನನ್ನೊಂದಿಗೆ ಆಯ್ಕೆಯಾದವರು ಪೆಟ್ಟಿಗೆ ಕಟ್ಟಿ ಹೋದರು. ನಾನು ತುಮಕೂರಿನ ಅದೇ ಆಸ್ಪತ್ರೆಯಲ್ಲಿ ಅದೇ ಪಾಳಿ ಮಾಡುತ್ತ ಉಳಿದೆ. ಮನೆಯಲ್ಲಿ ಯಾರೂ "ಬರೀಬೇಡ ಅಂದಿರಲಿಲ್ವಾ" ಎಂದು ಹೇಳಲಿಲ್ಲ. ಹೇಳಿದ್ದರೆ ಬಹುಶಃ ಒಳ್ಳೆಯದಾಗಿರುತ್ತಿತ್ತು.

ಬಿಡುಗಡೆಯ ಅರ್ಜಿ ವಿಚಾರಣೆಗೆ ಬಂದ ದಿನ ಬ್ಯಾಂಕಿನ ಪರ ವಕೀಲರು ಆಕ್ಷೇಪ ಎತ್ತಿದರು. ಏನನ್ನಾದರೂ ಮರೆಮಾಡಲಾಗಿದೆಯೇ ಎಂದು ನ್ಯಾಯಾಧೀಶರು ರಿಸೀವರನ್ನು ಕೇಳಿದರು. ರಿಸೀವರ್ ತಮ್ಮ ಬಳಿಯ ವಿವರ ತಿರುವಿ, "ಇಲ್ಲ ಸ್ವಾಮಿ. ಬಚ್ಚಲ ಮನೆಯ ಒಂದು ಕೊಪ್ಪರಿಗೆಯನ್ನೂ ಸೇರಿಸಿ ಒಪ್ಪಿಸಿದ್ದಾರೆ" ಎಂದರು. ಅಮ್ಮ ಅಂದು ನನ್ನ ಜೊತೆ ಬಂದಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು; ನಕ್ಕರೋ ಅತ್ತರೋ ನಾನು ಕೇಳಲಿಲ್ಲ. ಬಿಡುಗಡೆ ಮಂಜೂರಾಯಿತು. ಪ್ರತಿಯನ್ನು ನಾನು ಕಳುಹಿಸಿದೆ. ಮುಂದಿನ ತಂಡದೊಂದಿಗೆ ಹಾಜರಾಗುವಂತೆ ಆದೇಶ ಬಂತು.

ನನ್ನ ಪ್ರಕರಣದಲ್ಲಿ ನಡೆದದ್ದು ಇದು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಹೇಳಲು ನನಗೆ ಅಧಿಕಾರವಿಲ್ಲ.

ನಾನು ಹೊರಡುವ ಮೊದಲು ಅಮ್ಮ ನೆಂಟರಿಗೆಲ್ಲ ಊಟ ಹಾಕಬೇಕೆಂದರು. ಪಾತ್ರೆ ಬೇಕಾಯಿತು. ತಂದೆಯವರು ಶಿರಾಕ್ಕೆ ಹೋಗಿ, ನಾಮಕರಣದ ಪಾಯಸದ ಸಂಗತಿ ತಿಳಿಸಿ ಬಾಡಿಗೆಗೆ ಕೇಳಿದರು. ಬಾಣಸಿಗರು ಹುಡುಕಿ ಹುಡುಕಿ ಬಚ್ಚಲ ಮನೆಯ ಆ ಕೊಪ್ಪರಿಗೆಯನ್ನೇ ಕೊಟ್ಟು, "ಬೇಟಿಗೆ ಅಂತ ರಿಯಾಯಿತಿ ಕೊಡ್ತೀನಿ. ಆದ್ರೆ ಅಣ್ಣಾ, ಉಜ್ಜಿ ವಾಪಸ್ ಕೊಡ್ಬೇಕು" ಎಂದರಂತೆ. ಅಮ್ಮ ಅದರಲ್ಲಿ ಪಾಯಸ ಮಾಡಿದರು, ಉಜ್ಜಿಯೂ ಕೊಟ್ಟರು.

ಈಗ ನಾನು ದೂರದ ಒಂದು ಸೇನಾ ಆಸ್ಪತ್ರೆಯಲ್ಲಿದ್ದೇನೆ. ತಂದೆಯವರು ಮಧುಗಿರಿಯಲ್ಲಿ ಚಿಕ್ಕದಾಗಿ ಮತ್ತೆ ಆರಂಭಿಸಿದ್ದಾರೆ; ಕುರ್ಚಿ, ಮೇಜು ಮಾತ್ರ, ತಗಡಿನ ಒಂದು ಶೆಡ್ಡಿನಲ್ಲಿ. ಆರಂಭಿಸುವ ಮುನ್ನ ಕೇಳಿದರು:

"ಬೋರ್ಡು ಗೋದಾಮಿನಾಗೆ ಅಂಗೇ ಬಿದ್ದೈತೆ ಕಣಮ್ಮ. ಧೂಳು ಒರೆಸಿ ಹಾಕ್ಲಾ?"

"ಬೇಡ ಅಪ್ಪಾ. ಸೇವೆಯಲ್ಲಿರೋರು ಅನುಮತಿ ಇಲ್ಲದೆ ಯಾವ ವ್ಯಾಪಾರದಲ್ಲೂ ಹೆಸರು ಕೊಡೋ ಹಾಗಿಲ್ಲ."

"ಬರೀ ಹೆಸ್ರೂ ಇಲ್ವಾ?"

"ಬರೀ ಹೆಸರಿಂದಲೇ ಅಲ್ವಾ ಎಲ್ಲಾ ಆಗಿದ್ದು. ಈ ಸಲ ನಿನ್ನ ಹೆಸರು ಬರೆಸು."

"ನನ್ ಹೆಸ್ರಿಗೆ ಯಾವನು ಬತ್ತಾನೆ?" ಎಂದರು. ಆದರೂ ಕಾಗದಗಳಲ್ಲಿ ತಮ್ಮ ಹೆಸರನ್ನೇ ಬರೆಸಿದರು. ಬೋರ್ಡಿನ ಮೇಲೆ ಮಾತ್ರ ಕುರ್ಚಿ ಮೇಜು ಬಾಡಿಗೆಗೆ ದೊರೆಯುತ್ತವೆ ಎಂದಷ್ಟೇ ಇದೆ.

ಆ ವಾರದ ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಬಹಳ ಹೊತ್ತು ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ಆದ ಮೇಲೆ ಅವರು, "ಒಂದು ಮಾತು ಕೇಳ್ತೀನಿ. ಫೋನ್‌ನಾಗೆ ಒಂದು ಮಾತು ಅಂದ್ರೆ ಅದೂ ವ್ಯಾಪಾರ ಆಯ್ತದಾ? ನಿಮ್ ದೊಡ್ಡ ಮೇಡಂನ ಕೇಳಿ ಯೋಳು" ಎಂದರು.

ನಾನು ಕೇಳಿದೆ. ನನ್ನ ಮೇಲಧಿಕಾರಿಯವರು ಸಂಗತಿಯನ್ನೆಲ್ಲ ಕೇಳಿಸಿಕೊಂಡು, ನೀವು ಬಂಡವಾಳ ಹಾಕಿದ್ದೀರಾ, ಲಾಭದಲ್ಲಿ ನಿಮಗೆ ಪಾಲಿದೆಯೇ, ಎಲ್ಲಿಯಾದರೂ ಸಹಿ ಮಾಡಿದ್ದೀರಾ ಎಂದು ಮೂರು ಪ್ರಶ್ನೆ ಹಾಕಿದರು. ಮೂರಕ್ಕೂ ಇಲ್ಲವೆಂದೆ. "ಹಾಗಿದ್ದರೆ ತಂದೆಯ ಜೊತೆ ಮಾತನಾಡಲು ಯಾರ ಅಪ್ಪಣೆಯೂ ಬೇಡ" ಎಂದು ನಕ್ಕು ಕಳುಹಿಸಿದರು.

ಮುಂದಿನ ಶುಕ್ರವಾರ ನಾನೇ ಕರೆ ಮಾಡಿದೆ. ಅವರು ಫೋನನ್ನು ಬಾಗಿಲ ಹತ್ತಿರ ಹಿಡಿದರೆಂದು ತಿಳಿಯಿತು.

"ತೆಗೀರಿ" ಎಂದೆ.

ಶಟರಿನ ಸದ್ದು ಬರಲಿಲ್ಲ. ಸರಪಳಿ ಕಳಚಿತು, ತಗಡಿನ ಬಾಗಿಲು ನೆಲಕ್ಕೆ ಉಜ್ಜಿಕೊಂಡು ಸರಿಯಿತು.

"ಸದ್ದು ಕೇಳ್ತೇನಮ್ಮಾ?"

"ಕೇಳ್ತು ಅಪ್ಪಾ."